ನೆಲದ ಕಡೆಯಿಂದ

ಅಡುಗೆಮನೆ ಮೇಜಿಗೆ ನಕ್ಷೆ ಹಿಡಿಸುವುದಿಲ್ಲ.
ದಕ್ಷಿಣದ ತುದಿ ಜೋತುಬಿದ್ದಿದೆ ಹೆಡ್ಲಿಯ ಮಂಡಿಯ ಮೇಲೆ,
ಉತ್ತರಕ್ಕೆ ಸಕ್ಕರೆ ಡಬ್ಬಿ ಹೇರಿದ್ದೇನೆ, ಪಶ್ಚಿಮಕ್ಕೆ ಟೀ ಲೋಟ.
ನಡುವೆ ನಮ್ಮ ನ್ಯೂಫೌಂಡ್‌ಲ್ಯಾಂಡ್,
ಇಲಿ ಕಡಿದು ಬಿಟ್ಟ ರೊಟ್ಟಿ,
ಅಂಚಿನ ತುಂಬ ಹಲ್ಲಿನ ಗುರುತು.

ಆರು ದಿನ, ಎಂದೆ. ಪೆನ್ಸಿಲ್ ಹೆರೆದೆ.
ಕಾರಿದೆ: ತಂಗಿಯ ಗಂಡ ಮಾರಿದ್ದು,
ಹಿಂದಿನ ಬಾಗಿಲು ಒಳಗಿನಿಂದ ತೆರೆಯದು.
ಲೈಸೆನ್ಸಿದೆ: ಐವತ್ತೆರಡಕ್ಕೆ ಪಡೆದದ್ದು, ಮೂರನೇ ಸಲಕ್ಕೆ.
ಬಿಡುವಂತೂ ಬೇಕಾದಷ್ಟಿದೆ.
ಕಾಡ್ ಮೀನಿಗೆ ಇನ್ನು ಬಲೆ ಬಿಡಕೂಡದೆಂದು
ಹೋದ ಜುಲೈಯಲ್ಲಿ ಟೀವಿಯೊಳಗಿಂದ ಸರ್ಕಾರ ಹೇಳಿದ ಮೇಲೆ
ದೋಣಿ ದಡದಲ್ಲಿ ಬೋರಲು ಮಲಗಿದೆ,
ದೋಣಿಯೊಡೆಯ ಸೋಫಾದಲ್ಲಿ, ಅಂಗಾತ.

ಟ್ವಿಲಿಂಗೇಟಿಗೆ ಎಷ್ಟು ದೂರ, ಎಂದ.
ನೂಲು ಹಿಡಿದು ಅಳೆದೆ, ಕೊಲ್ಲಿ ಕೊಲ್ಲಿಗೂ ಬಳಸಿ:
ಮುನ್ನೂರ ಎಂಬತ್ತು ಕಿಲೋಮೀಟರು.
ನೈರುತ್ಯ ಗಾಳಿ ಇದ್ದರೆ ಹತ್ತು ಗಂಟೆ, ಎಂದ.
ಕಾರಿಗೆ ಯಾವ ಗಾಳಿಯಾದರೇನು ಮಾರಾಯ?
ಹೌದಲ್ಲ, ಎಂದು ಸುಮ್ಮನಾದ.

ಪ್ರವಾಸ ಇಲಾಖೆಯ ಪುಸ್ತಿಕೆಯಲ್ಲಿ
ನಿಂತು ನೋಡುವ ಜಾಗಕ್ಕೆಲ್ಲ ಪುಟ್ಟ ಕ್ಯಾಮೆರಾದ ಗುರುತು.
ಇಲ್ಲಿ ತೇಲುವ ಹಿಮದ ಗುಡ್ಡ, ಇಲ್ಲಿ ಪಫಿನ್ ಹಕ್ಕಿ,
ಇಲ್ಲಿ ತಲೆಗೆ ಹದಿನೈದು ಡಾಲರ್ ಕೊಟ್ಟರೆ ತಿಮಿಂಗಿಲ.
ಕೊಡುವುದೇನು ಬಂತು, ಎಂದ ಹೆಡ್ಲಿ,
ನನ್ನ ಬಲೆ ಹರಿದದ್ದು ಮೂರು ತಿಮಿಂಗಿಲ,
ಅವೇ ನನಗೆ ಬಾಕಿ.

ಆಮೇಲೆ ಪೆನ್ಸಿಲ್ ಕೇಳಿದ.
ಕ್ಯಾಮೆರಾ ಇಲ್ಲದ ಕಡೆ, ರಸ್ತೆಯ ಗೆರೆ ಸಣ್ಣಗಾಗಿ ತೀರುವ ಕಡೆ,
ಗ್ಯಾನೆಟ್ ಟಿಕಲ್ ಎಂಬ ಇಕ್ಕಟ್ಟಿನ ಆಚೆ ದಂಡೆಗೆ
ಒಂದು ಚುಕ್ಕೆ ಇಟ್ಟ.
ಇಲ್ಲೊಂದು ಹಳದಿ ಮನೆ.
ಅದರ ಹೊಗೆಗೂಡು ಸೀಳುಬಂಡೆಯ ನೆತ್ತಿಗೆ ಕೂಡಿತೋ,
ಅಡಿಯಲ್ಲಿ ಮೂವತ್ತು ಮಾರು ನೀರು, ಮೀನೇ ಮೀನು.
ಅಪ್ಪ ತೋರಿಸಿದ್ದು. ಅಪ್ಪನಿಗೆ ಅವನಪ್ಪ.
ಮೂರು ತಲೆಮಾರು ಆ ಹೊಗೆಗೂಡಿನ ಉಪ್ಪು ತಿಂದಿದ್ದೇವೆ,
ಬಾಗಿಲು ಯಾವ ಕಡೆಗಿದೆಯೋ ಗೊತ್ತಿಲ್ಲ.

ಮೂವತ್ತೊಂದು ವರ್ಷ ಒಂದೇ ಹಾಸಿಗೆ,
ಒಮ್ಮೆಯೂ ಬಾಯಿಬಿಟ್ಟಿರಲಿಲ್ಲ ಈ ಗುಟ್ಟು.
ಈಗ ಹೇಳಿದ,
ಪೆಟ್ಟಿಗೆ ಕಳುವಾದ ಮೇಲೆ
ಬೀಗದ ಕೈ ಕೈಗಿಟ್ಟ ಹಾಗೆ.

ಹೋಗೋಣ, ಮೂರನೇ ದಿನ, ಎಂದೆ.
ಅಲ್ಲಿಗೆ ಜಾಗ ಬೇಕಲ್ಲ; ಗ್ರೋಸ್ ಮೋರ್ನ್ ಬೆಟ್ಟವನ್ನು,
ಪುಸ್ತಿಕೆಯ ರಕ್ಷಾಪುಟದ ಬೆಟ್ಟವನ್ನೇ,
ರಬ್ಬರಿನಲ್ಲಿ ಉಜ್ಜಿ ಕೊಡವಿದೆ.
ಬಾಗಿಲು ತಟ್ಟಿ ಏನೆನ್ನುವುದು ಬ್ಯೂಲಾ?
ನೀರು ಕೇಳೋಣ. ಕಾರು ಕಾದಿದೆ ಎನ್ನೋಣ.
ಬೇರೆ ಬಣ್ಣ ಬಳಿದಿದ್ದರೆ?
ನಾನು ಉತ್ತರ ಹುಡುಕುವಷ್ಟರಲ್ಲಿ ಅವನೇ ಎಂದ:
ಬಳಿದುಕೊಳ್ಳಲಿ ಬಿಡು. ಇನ್ನು ಯಾರು ನೋಡಬೇಕು, ನೀರಿನಿಂದ.

ಬೇಯಿಸಿದ ಮೊಟ್ಟೆ ಹನ್ನೆರಡು. ಬ್ರೆಡ್ಡು. ಫ್ಲಾಸ್ಕು.
ಮುಸ್ಸಂಜೆಗೆ ಮೂಸ್ ಅಡ್ಡ ಬರುತ್ತವೆ, ಏಳರ ಮೇಲೆ ಓಡಿಸುವುದಿಲ್ಲ.
ಮಂಜು ಕವಿದರೆ?
ನಿಲ್ಲಿಸುವುದು.
ಎಲ್ಲಿ?
ಅಲ್ಲೇ, ರಸ್ತೆಯ ಪಕ್ಕ.
ನಿಂತಲ್ಲೇ ಇರುತ್ತದೆಯೇ, ಎಂದ,
ತಮಾಷೆಯೋ ಏನೋ, ಮುಖ ಕಿಟಕಿಯ ಕಡೆಗಿತ್ತು.

ಬೆಳಿಗ್ಗೆ ಡಿಕ್ಕಿ ತೆರೆದರೆ
ಮೊಟ್ಟೆಯ ಡಬ್ಬಿಗೆ ಒತ್ತಿ, ಗೋಣಿಯಲ್ಲಿ ಸುತ್ತಿ,
ಸಣ್ಣ ಲಂಗರು. ಇಪ್ಪತ್ತು ಮಾರು ಹಗ್ಗ.
ತೆಗೆಯಲಿಲ್ಲ.
ಖರ್ಚಿನ ಚೀಟಿಯಲ್ಲಿ ಪೆಟ್ರೋಲಿಗೆಂದು
ಇನ್ನೆರಡು ಡಾಲರ್ ಸೇರಿಸಿ ಬರೆದೆ.